ಶೈಲಾಗೆ ಕೊಟ್ಟ ಪಾಯಿಂಟು

"ನೀ ನನ್ನ ಹಿಂದ ನಿಂದ್ರು ಶೈಲಾ. ನಾ ಇರೂತನಕ ನಿನಗ ಏನೂ ಆಗಾಕ ಬಿಡಂಗಿಲ್ಲ."

ಲಕ್ಷ್ಮೇಶ್ವರದ ಬಜಾರಿನ ಆ ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲಲ್ಲೇ ಶಾಂಭವಿ ನಿಂತುಬಿಟ್ಟಳು. ಮಾತಾಡಿದವನು ಶಿವಯೋಗಿ. ಕಿವಿಗೆ ಹೆಡ್‌ಫೋನ್, ಬೆನ್ನು ಬಾಗಿಲಿಗೆ. ಬರುವ ತಿಂಗಳು ತನ್ನನ್ನು ಮದುವೆಯಾಗಬೇಕಾದ ಗಂಡು! ಬೆಟಗೇರಿಯಿಂದ ಬಸ್ಸಿನಲ್ಲಿ ನಿಂತೇ ಬಂದವಳ ಕೈಯಲ್ಲಿ ಅವನಿಗಿಷ್ಟವೆಂದು ಕಟ್ಟಿಸಿಕೊಂಡ ಬದನೆಕಾಯಿ ಬಜಿಯ ಪೊಟ್ಟಣವಿತ್ತು. ತನಗೆ ಎಂದಾದರೂ ಇಂಥ ಮಾತು ಹೇಳಿದ್ದಾನೆಯೇ ಈ ಮಹರಾಯ? ಫೋನಿನಲ್ಲಿ "ಊಟ ಆತೇನು?" ಎನ್ನುವುದರಾಚೆ ನಾಲಿಗೆ ಹೊರಳುವುದಿಲ್ಲ.

"ಯಾರರೀ ಈ ಶೈಲಾ?"

ಅವನಿಗೆ ಕೇಳಿಸಲಿಲ್ಲ. ಅಂಗಡಿಯ ಪಾಲುದಾರ ಖಲೀಲ ತಲೆಯೆತ್ತಿ ಕಿಸಕ್ಕನೆ ನಕ್ಕ. "ಸ್ಕ್ರೀನ್ ಮ್ಯಾಲೆ ಅದಾಳ ನೋಡ್ರಿ ವೈನಿ. ಬಿಲ್ಲು ಹಿಡದಾಕಿ."

ರಾಕ್ಷಸರನ್ನು ಕೊಲ್ಲುತ್ತ ಹೋಗುವ ನಾಲ್ವರ ದಂಡಿನ ಆಟ ಅದು. ಕತ್ತಿಯವನಿಗೆ ಶಿವಯೋಗಿ ತನ್ನ ಹೆಸರಿಟ್ಟಿದ್ದ, ಮಂತ್ರವಾದಿಗೆ ಖಲೀಲನದು, ಗುರಾಣಿಯವನಿಗೆ ಗೆಳೆಯ ಸುದೀಪನದು. ಯುದ್ಧ ಗೆದ್ದಾಗಲೆಲ್ಲ ದಂಡಿಗೆ ಒಂದಿಷ್ಟು ಪಾಯಿಂಟ್ ಸಿಗುತ್ತವೆ. ಯಾರ ಶಕ್ತಿಗೆ ಎಷ್ಟು, ಯಾರ ಬುದ್ಧಿಗೆ ಎಷ್ಟು ಎಂದು ಹಂಚುವುದು ಆಡುವವನ ಮರ್ಜಿ.

"ಹಂಚೂದೆಲ್ಲಿ ಬಂತ್ರಿ," ಖಲೀಲ ಗೊಣಗಿದ. "ಎಲ್ಲಾ ಆಕಿಗೇ. ನಾ ಹೋದಹೋದಲ್ಲಿ ಸಾಯಾಕತ್ತೇನಿ, ನನಗ ಒಂದ್ ಪಾಯಿಂಟ್ ಇಲ್ಲ."

ಆಗ ತಿರುಗಿದ ಶಿವಯೋಗಿ ಅವಳನ್ನು ಕಂಡು ಹೆಡ್‌ಫೋನ್ ಕಿತ್ತಿಟ್ಟ. ಮುಖ ಕೆಂಪಾಯಿತು. ಕೆಂಪಾದದ್ದನ್ನು ಶಾಂಭವಿ ಗಮನಿಸದೆ ಬಿಡಲಿಲ್ಲ.

ಸ್ಟೂಲು ಎಳೆದು ಕುಳಿತು ಶೈಲಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಣ್ಣ ನಡು, ಮೊಣಕಾಲು ಮುಟ್ಟುವ ಜಡೆ. ಪಕ್ಕದ ಪಾಯಿಂಟು ಪಟ್ಟಿಯಲ್ಲಿ ಚುರುಕು ಭರ್ತಿ, ಮೋಡಿ ಅದಕ್ಕಿಂತ ಭರ್ತಿ.

"ಎಲ್ಲಾ ಭಾಳ ಕೊಟ್ಟೀರಿ. ಬುದ್ಧಿಗೆ ಯಾಕ ಒಂದೂ ಇಲ್ಲ?"

"ಬಾಣ ಬಿಡಾಕ ಬುದ್ಧಿ ಯಾಕ ಬೇಕು?"

"ಹೌದ್ರಿ. ಹೆಣ್ಮಕ್ಕಳಿಗೆ ಅದು ಯಾಕ ಬೇಕು."

ಖಲೀಲನಿಗೆ ಚಹಾ ತರುವುದು ಥಟ್ಟನೆ ನೆನಪಾಯಿತು. ಅವನು ಹೊರಬಿದ್ದ ಮೇಲೆ ಶಾಂಭವಿ ನೇರವಾಗಿಯೇ ಕೇಳಿದಳು. "ಈ ಹೆಸರಿನಾಕಿ ನಿಮ್ಮ ಕಾಲೇಜಿನಾಗ ಇದ್ದಾಕಿ ಏನು? ಖರೆ ಹೇಳ್ರಿ. ಇನ್ನೂ ಮನಸಿನಾಗ ಇದ್ರ ನಾ ಈಗ ಬಸ್ ಹತ್ತಿ ಹೋಗ್ತೇನಿ, ಅಷ್ಟ."

ಶಿವಯೋಗಿ ಗಾಬರಿಯಾದ. "ಆಕಿ ನೀನ!"

"ಏನ್ರಿ?"

"ನಮ್ಮ ಮನ್ಯಾಗ ಸೊಸಿಗೆ ಹೊಸಾ ಹೆಸರು ಇಡ್ತಾರಲ್ಲ? ಅವ್ವ ನನಗ ಆರಿಸು ಅಂದ್ಲು. ಮದಿವ್ಯಾಗ ತಾಟಿನ ಅಕ್ಕಿಯಾಗ ಆ ಹೆಸರು ಬರಿಯೂತನಕ ನಿನಗ ಹೇಳೂಹಂಗಿಲ್ಲ. ಬಾಯಿಗೆ ರೂಢಿ ಆಗ್ಲಿ ಅಂತ ಈಕಿಗೆ ಶೈಲಾ ಅಂತ ಇಟ್ಟೆ. ನಿನ್ನ ಮುಂದ ಆಡಾಕ ಬರದ ಮಾತೆಲ್ಲಾ ಈಕಿ ಮುಂದ ಆಡೇನಿ."

ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಕಿಚ್ಚು ಇನ್ನಷ್ಟು ಹತ್ತಿತು. ತನಗೆ ಸಲ್ಲಬೇಕಾದ ಮಾತೆಲ್ಲ ಇವಳ ಪಾಲಾಗಿದೆ. ನಾಳೆ ಇವಳ ಹೆಸರನ್ನೂ ತಾನೇ ಹೊತ್ತು ತಿರುಗಬೇಕೇ?

"ಈಕಿ ನಾ ಅಲ್ರಿ. ನಿಂದ್ರು ಅಂದ್ರ ನಿಂದರ್ತಾಳ, ಹೊಡಿ ಅಂದ್ರ ಹೊಡೀತಾಳ. ಹುಟ್ಟಿದಾಗಿಂದ ನಾ ಶಾಂಭವಿ. ನಿಮಗ ಶೈಲಾನ ಬೇಕಂದ್ರ ಈಕಿನ್ನ ಮದಿವಿ ಆಗ್ರಿ."

ಅವನು ಸ್ಕ್ರೀನ್ ನೋಡಿದ, ಅವಳನ್ನು ನೋಡಿದ. ಆಮೇಲೆ ಫೋನು ಹಚ್ಚಿದ.

"ಅವ್ವಾ, ಹೆಸರು ಆರಿಸೇನಿ. ಶಾಂಭವಿ... ಹೌದವ್ವ, ಆಕಿದ ಹೆಸರು. ಅಕ್ಕಿಯಾಗ ಅದನ್ನ ಬರೀತೇನಿ."

ಆ ಕಡೆ ತಾಯಿ ಅನ್ನಪೂರ್ಣವ್ವನ ದನಿ ಏರಿತು, ಇಳಿಯಿತು, ಮತ್ತೆ ಏರಿತು.

"ಮಂದಿ ಏನರ ಅನ್ಲಿ. ಬ್ಯಾರೆ ಹೆಸರಿನಾಕಿ ನನಗ ಬ್ಯಾಡ," ಎಂದು ಫೋನಿಟ್ಟ. ಅವನ ಕೈ ಹಿಡಿದುಕೊಳ್ಳಬೇಕೆನಿಸಿತು ಶಾಂಭವಿಗೆ. ಹಿಡಿದೇಬಿಟ್ಟಳು.

ಇಟ್ಟ ಹೆಸರು ಬದಲಿಸಲು ಆ ಆಟದಲ್ಲಿ ದಾರಿಯಿರಲಿಲ್ಲ. ಶಿವಯೋಗಿ ಹಳೆಯ ದಂಡನ್ನೇ ಅಳಿಸಿ ಹೊಸದಾಗಿ ಶುರುಮಾಡಿದ. ಚಹಾ ಹಿಡಿದು ಬಂದ ಖಲೀಲ ಬಾಗಿಲಲ್ಲೇ ಕೂಗಿಕೊಂಡ. "ನನ್ನ ಮಂತ್ರವಾದಿ ಈಗಷ್ಟ ಬೆಂಕಿ ಉಗುಳಾಕ ಕಲ್ತಿದ್ದನಲ್ಲೋ!"

ಹೊಸ ಬಿಲ್ಲುಗಾರ್ತಿಗೆ ಶಾಂಭವಿ ಎಂದು ಹೆಸರು ಬರೆದು ಶಿವಯೋಗಿ ಮೌಸು ಅವಳ ಕಡೆ ಸರಿಸಿದ. "ಪಾಯಿಂಟ್ ನೀನ ಹಾಕು." ಆಮೇಲೆ ಸ್ಕ್ರೀನಿನ ಕಡೆ ಕಣ್ಣು ಹಾಯಿಸದೆ ಮೆಲ್ಲಗೆ ಹೇಳಿದ. "ನೀ ಬಂದು ಹೋದ ದಿನ ನನಗ ಯಾವ ಕೆಲಸಕ್ಕೂ ಮನಸ ಬರೂದಿಲ್ಲ, ಶಾಂಭವಿ."

ಶಾಂಭವಿಯ ಕೆನ್ನೆ ಬಿಸಿಯಾಯಿತು. ಪಾಯಿಂಟುಗಳನ್ನು ಹಂಚಿ ಎದ್ದು ಸೆರಗು ಸರಿಪಡಿಸಿಕೊಂಡವಳು ಹೊಸ್ತಿಲು ದಾಟುವ ಮುಂಚೆ ತಿರುಗಿದಳು.

"ಇನ್ನೊಂದು ಮಾತ್ರಿ. ನಾ ಇಲ್ಲದಾಗ ಈಕಿ ಜೋಡಿ ಆಡಬ್ಯಾಡ್ರಿ."

"ಈಗ ಈಕಿ ನೀನ ಅಲ್ಲೇನ?"

"ನಾನ ಆಗಿದ್ರೂ ಬ್ಯಾಡ," ಎಂದಳು ಶಾಂಭವಿ.