ದೀಪದ ಸ್ವಿಚ್ಚು ಇದ್ದ ಜಾಗ

ಟ್ವೈಲಾ ಸಿಮ್ಸ್ ಒಳಗೆ ಬಂದವಳು ಬೂಟಿನ ಹಿಮವನ್ನೂ ಕೊಡವಲಿಲ್ಲ. ಅಲ್ಬಿನಾಳ ಅಡುಗೆಮನೆಯ ಮೇಜಿಗೆ ಎರಡೂ ಕೈ ಊರಿ ನಿಂತು, "ಅಲ್ಬಿನತ್ತೆ, ನನ್ನ ಗಂಡ ಯಾರನ್ನೂ ಕೊಂದಿಲ್ಲ," ಎಂದಳು.

"ಮೊದಲು ಕೂತ್ಕೋ," ಎಂದಳು ಅಲ್ಬಿನಾ. ಅವಳ ಬೆರಳಿಗೆಲ್ಲ ಕೊಲಾಚೆ ಎಂಬ ಸಿಹಿ ಬನ್ನಿಗೆ ತುಂಬುವ ಗಸಗಸೆ ಮೆತ್ತಿತ್ತು. "ಲಾಡಿ, ಇವಳಿಗೆ ಕಾಫಿ ಬಗ್ಸು. ಬಾಗಿಲಲ್ಲೇ ಯಾಕೆ ನಿಂತಿದೀಯ, ಇನ್ನೂ ಟಪಾಲು ಹಂಚೋನ ಹಾಗೆ?"

ಆ ಮಾತು ನನಗೆ. ನಾನು ಲಾಡಿಸ್ಲಾವ್ ಹ್ರುಸ್ಕಾ. ಲಿಪ್ನಿಕ್ ಊರಿನ ಸುತ್ತಲಿನ ಹೊಲದಾರಿಗಳಲ್ಲಿ ಆಯುಷ್ಯವಿಡೀ ಅಂಚೆ ಹಂಚಿ ನಿವೃತ್ತನಾದ ಮೇಲೆ ಅಲ್ಬಿನಾ ಕುಬಿಚೆಕ್‌ಳನ್ನು ಗಾಡಿಯಲ್ಲಿ ಕರೆದೊಯ್ಯುವುದೇ ನನ್ನ ಕೆಲಸವಾಗಿತ್ತು. ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಅವಳ ಗಂಡ ಷೆರೀಫ್, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಆಗಿದ್ದಾಗ ಕೋರ್ಟಿನ ಹಿಂದಿನ ಜೈಲಿಗೆ ಅವಳೇ ಅಡುಗೆ ಮಾಡುತ್ತಿದ್ದಳು. ಊಟ ಬಡಿಸುತ್ತ ಕೈದಿಗಳನ್ನು ಅವಳು ಕೇಳಿದ ಸಣ್ಣ ಪ್ರಶ್ನೆಗಳಿಂದ ಎಷ್ಟೋ ಮೊಕದ್ದಮೆಗಳು ಬಗೆಹರಿದಿದ್ದವು. ಗಂಡ ತೀರಿಕೊಂಡರೂ ಜನ ಬರುವುದು ನಿಂತಿರಲಿಲ್ಲ.

ಟ್ವೈಲಾ ಹೇಳಿದ್ದು ಊರಿಗೆಲ್ಲ ಗೊತ್ತಿದ್ದ ವಿಷಯ. ಅವಳ ಗಂಡ ರೂಡಿ, ಆಂಟನ್ ಜೆಲೆನಿಯ ಹೊಲದಲ್ಲಿ ಆರು ವರ್ಷದಿಂದ ಆಳು. ಆಂಟನ್ ಎಪ್ಪತ್ತರ ಮುದುಕ, ಎಡಗೈ ಇಲ್ಲದವನು. ಸೋಮವಾರ ಬೆಳಿಗ್ಗೆ ಧಾನ್ಯದ ಗೋದಾಮಿನ ಮುಂದೆ, ಹತ್ತು ಜನರ ಎದುರು, ಇಬ್ಬರಿಗೂ ಜಗಳವಾಗಿತ್ತು. ರೂಡಿ ಕವೆಗೋಲು ಎಸೆದು, "ನಿನ್ನ ದನಕ್ಕೆ ನೀನೇ ಹುಲ್ಲು ಹಾಕ್ಕೋ," ಎಂದು ಹೊರಟುಹೋಗಿದ್ದ. ಮಂಗಳವಾರ ಬೆಳಿಗ್ಗೆ ಆಂಟನ್ ತನ್ನ ಹಳೆಯ ಪಿಕಪ್ ಟ್ರಕ್ಕಿನ ಮುಂದೆ, ದನದ ಅಂಗಳದ ಗೇಟಿನ ಕಂಬದ ಬುಡದಲ್ಲಿ ಸತ್ತು ಬಿದ್ದಿದ್ದ. ಎದೆ ಜಜ್ಜಿಹೋಗಿತ್ತು. ಅಂದೇ ಷೆರೀಫ್ ರೂಡಿಯನ್ನು ಹಿಡಿದು ಜೈಲಿಗೆ ಹಾಕಿದ್ದ.

"ಸೋಮವಾರ ಸಂಜೆ ರೂಡಿ ಎಲ್ಲಿದ್ದ?" ಅಲ್ಬಿನಾ ಕೇಳಿದಳು.

"ಒಬ್ಬನೇ ನದಿ ಕಡೆ ಹೋಗಿ ಕೂತಿದ್ದನಂತೆ. ಸಿಟ್ಟು ಬಂದ್ರೆ ಹಾಗೇ ಅವನು. ನೋಡಿದೋರು ಯಾರೂ ಇಲ್ಲ." ಟ್ವೈಲಾ ಕಾಫಿಯನ್ನು ಮುಟ್ಟಲಿಲ್ಲ. "ಬಾಯಿ ಜೋರು ಅತ್ತೆ, ಕೈ ಜೋರಲ್ಲ. ಮನೇಲಿ ಮಕ್ಕಳು ಅಪ್ಪ ಯಾವಾಗ ಬರ್ತಾನೆ ಅಂತ ಕೇಳ್ತಿವೆ. ನಾನೇನು ಹೇಳ್ಲಿ?"

ಅಲ್ಬಿನಾ ಕೈ ತೊಳೆದುಕೊಂಡಳು. "ಇನ್ನೂ ಏನೂ ಹೇಳ್ಬೇಡ. ಲಾಡಿ, ಗಾಡಿ ತೆಗಿ."

ಜೆಲೆನಿ ಹೊಲದಲ್ಲಿ ಈಗಿನ ಷೆರೀಫ್ ಡೆಲ್ಮರ್ ಫೆನ್ಸ್‌ಕೆ, ಅಲ್ಬಿನಾ ಫೋನ್ ಮಾಡಿದ್ದರಿಂದ, ನಮಗಾಗಿ ಕಾಯುತ್ತಿದ್ದ. ಕೆಟ್ಟವನಲ್ಲ ಡೆಲ್ಮರ್. ಹುಡುಗನಾಗಿದ್ದಾಗ ಅಲ್ಬಿನಾಳ ಅಡುಗೆಮನೆಯಲ್ಲಿ ತಿಂದು ಬೆಳೆದವನು.

"ಅಲ್ಬಿನತ್ತೆ, ಇದು ಅಪಘಾತ ಆಗಿದ್ರೆ ನಂಗೂ ಖುಷೀನೇ," ಎಂದ. "ಮುದುಕ ಒಬ್ಬನೇ ಹುಲ್ಲು ಹಾಕುವಾಗ ಟ್ರಕ್ಕನ್ನ ಒಂದನೇ ಗೇರಿನಲ್ಲಿ ಅದರ ಪಾಡಿಗೆ ತೆವಳೋಕೆ ಬಿಟ್ಟು, ತಾನು ಹಿಂದೆ ಹತ್ತಿ ಹುಲ್ಲು ಎಸೀತಿದ್ದ. ಈ ಕಡೆ ಎಲ್ಲರೂ ಹಾಗೇ ಮಾಡೋದು. ಆದ್ರೆ ನಾವು ಬಂದಾಗ ಎಂಜಿನ್ ಆಫ್, ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿತ್ತು. ಸತ್ತೋನು ಎದ್ದುಬಂದು ಬ್ರೇಕ್ ಹಾಕ್ತಾನಾ? ಮೈಮೇಲೆ ಕಂಬಳಿ ಬೇರೆ ಹೊದಿಸಿತ್ತು. ಯಾರೋ ಓಡಿಸಿದ್ದಾರೆ. ಯಾರಿಗೆ ಸಿಟ್ಟಿತ್ತು, ನೀವೇ ಹೇಳಿ."

"ಹೆಜ್ಜೆ ಗುರುತು?"

"ರಾತ್ರಿಯೆಲ್ಲ ಹಿಮ ಸುರೀತು. ಎಲ್ಲಾ ಮುಚ್ಚಿಹೋಯ್ತು."

ಅಲ್ಬಿನಾ ಕಿವಿಗೊಟ್ಟಳು. ಅಂಗಳದಲ್ಲಿ ನಲವತ್ತು ದನಗಳು ತಣ್ಣಗೆ ಮೆಲುಕು ಹಾಕುತ್ತಿದ್ದವು. "ಇವಕ್ಕೆ ಹುಲ್ಲು ಹಾಕ್ತಿರೋರು ಯಾರು?"

ಡೆಲ್ಮರ್ ಸುತ್ತ ನೋಡಿದ. "ನೆರೆಯವರು ಯಾರೋ ಇರ್ಬೇಕು."

ಪೂರ್ವದ ಬೇಲಿಯಿಂದ ಹುಲ್ಲಿನ ಬಣವೆಯವರೆಗೆ ಹಿಮದಲ್ಲಿ ಒಂದು ಕಾಲುದಾರಿ ಸವೆದಿತ್ತು. ದಾರಿಯುದ್ದಕ್ಕೂ ಹುಲ್ಲು ಉದುರಿತ್ತು. ಯಾರೋ ಹೊರೆ ಕಟ್ಟಿ ಬೆನ್ನ ಮೇಲೆ ಹೊತ್ತಿದ್ದರು.

ಟ್ರಕ್ಕನ್ನು ಯಂತ್ರಗಳ ಕೊಟ್ಟಿಗೆಯೊಳಗೆ ತಳ್ಳಿ ನಿಲ್ಲಿಸಿದ್ದರು. ಕಡುಹಸಿರು ಬಣ್ಣದ, ದುಂಡು ಮೂತಿಯ ಗಾಡಿ. ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಕ್ಕೆ ಕೊಂಡದ್ದು. ನನ್ನ ಬಳಿಯೂ ಅಂಥದ್ದೇ ಒಂದು ಇತ್ತು. ಆಂಟನ್‌ನ ಮಗಳು ಮಾರ್ಸೆಲಾ ಒಮಾಹಾದಿಂದ ಬಂದವಳು ಅದರ ಪಕ್ಕದಲ್ಲೇ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಒಳಗೆ ಏನಾದ್ರೂ ಮುಟ್ಟಿದ್ರಾ?" ಅಲ್ಬಿನಾ ಕೇಳಿದಳು.

"ಹ್ಯಾಂಡ್ ಬ್ರೇಕ್ ಒಂದು ಬಿಟ್ರೆ ಏನೂ ಇಲ್ಲ," ಎಂದ ಡೆಲ್ಮರ್.

ಅಲ್ಬಿನಾ ಟಾರ್ಚು ಹಾಕಿ ಡ್ಯಾಶ್‌ಬೋರ್ಡನ್ನು ನೋಡಿದಳು. ಒಂದೇ ಥರದ ಕಪ್ಪು ಗುಂಡಿಗಳು, ಅಕ್ಷರವೆಲ್ಲ ಸವೆದುಹೋಗಿದ್ದವು. ಎಡಗಡೆಯ ತುದಿಯಲ್ಲಿದ್ದ ಗುಂಡಿಯನ್ನು ಪೂರ್ತಿ ಹೊರಗೆ ಎಳೆಯಲಾಗಿತ್ತು. "ಲಾಡಿ, ಇದೇನಿದು?"

"ದೀಪದ ಸ್ವಿಚ್ಚು," ಎಂದೆ ನಾನು, ಯೋಚಿಸದೆ. "ಹೊರಗೆ ಎಳೆದ್ರೆ ಹತ್ತುತ್ತೆ. ಹಾಗೇ ಬಿಟ್ಟಿದ್ದಾರಲ್ಲ, ಬ್ಯಾಟರಿ ಸತ್ತೇಹೋಗಿರುತ್ತೆ."

"ಅಲ್ಲ ಲಾಡಿ ಮಾವ," ಎಂದಳು ಮಾರ್ಸೆಲಾ. "ಕಂಪನಿಯೋರು ದೀಪ ಇಟ್ಟಿದ್ದು ಅಲ್ಲೇ. ಅಪ್ಪ ಬದಲಾಯಿಸಿದ್ದು. ಕೈ ಹೋದ ಮೇಲೆ ಎಡತುದಿಯ ಸ್ವಿಚ್ಚು ಎಟುಕ್ತಾ ಇರ್ಲಿಲ್ಲ. ದೀಪಾನ ಸ್ಟೀರಿಂಗಿನ ಬಲಕ್ಕೆ ತಂದ್ರು. ಅಲ್ಲಿದ್ದ ಕೈ ಆಕ್ಸಿಲರೇಟರನ್ನ, ಎಳೆದಷ್ಟೂ ಗಾಡಿ ವೇಗ ಹೆಚ್ಚಿಸೋ ಗುಂಡೀನ, ಎಡತುದಿಗೆ ಹಾಕಿದ್ರು."

"ಎಟುಕದ ಜಾಗಕ್ಕೆ ಯಾಕೆ?" ಅಲ್ಬಿನಾ ಕೇಳಿದಳು. "ನಂಗೆ ಗಾಡಿ ಗೊತ್ತಿಲ್ಲಮ್ಮ, ಬಿಡಿಸಿ ಹೇಳು."

"ಒಳಗೆ ಕೂತ್ರೆ ಎಟುಕಲ್ಲ. ಹೊರಗೆ ನಿಂತ್ರೆ ಎಟುಕುತ್ತೆ." ಮಾರ್ಸೆಲಾ ಗಾಡಿಯ ಎಡಗಡೆ, ಚಾಲಕನ ಕಿಟಕಿಯ ಪಕ್ಕದಲ್ಲಿ, ಮುಂದಕ್ಕೆ ಮುಖ ಮಾಡಿ ನಿಂತಳು. ಬಲಗೈಯನ್ನು ಕಿಟಕಿಯೊಳಗೆ ತೂರಿಸಿದಳು. ಬೆರಳು ಸರಿಯಾಗಿ ಆ ಗುಂಡಿಯ ಮೇಲೆ ಕೂತಿತು. "ಅಪ್ಪ ಗಾಡಿ ಜೊತೆ ನಡೀತಾ ನಡೀತಾ ಒಂದು ಹೆಬ್ಬೆಟ್ಟಿನಷ್ಟು ಎಳೆದು, ಅದು ವಾಪಸ್ ಜಾರದ ಹಾಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸ್ತಿದ್ರು. ಪೂರ್ತಿ ಎಳೆದ್ರೆ ಮಾತ್ರ ಅದು ತಾನಾಗೇ ನಿಲ್ಲುತ್ತೆ. ಆಮೇಲೆ ಹಿಂದೆ ಹತ್ತಿಕೊಳ್ಳೋರು."

"ಆ ಕ್ಲಿಪ್ಪು?"

ಕ್ಲಿಪ್ಪು ಮುಂದಿನ ಗಾಜಿನ ಮೇಲಿನ ಬಿಸಿಲು ತಡೆಯುವ ಪಟ್ಟಿಗೆ ಸಿಕ್ಕಿಸಿದ್ದ ಹಾಗೇ ಇತ್ತು. ಅಲ್ಬಿನಾ ಅದನ್ನು ನೋಡಿದಳು, ಪೂರ್ತಿ ಎಳೆದ ಗುಂಡಿಯನ್ನು ನೋಡಿದಳು. ಅವಳ ಮುಖ ಸಪ್ಪೆಯಾಯಿತು. ಕಗ್ಗಂಟು ಬಿಚ್ಚಿದಾಗ ಬೇರೆಯವರು ನಗುತ್ತಾರೆ. ಅವಳಿಗೆ ಹಾಗಾಗುತ್ತಿದ್ದುದು ಅಪರೂಪ.

"ದೀಪ ಹತ್ತುತ್ತಾ ನೋಡು, ಲಾಡಿ. ಬಲಗಡೆಯದು."

ಎಳೆದೆ. ಹತ್ತಿತು. ಬ್ಯಾಟರಿ ಚೆನ್ನಾಗಿಯೇ ಇತ್ತು.

"ಡೆಲ್ಮರ್, ನಾಳೆ ಮಧ್ಯಾಹ್ನ ಮೂರು ಜನ ಇಲ್ಲಿಗೆ ಬರ್ಲಿ," ಎಂದಳು ಅಲ್ಬಿನಾ. "ಮಾರ್ಸೆಲಾ. ಹೆಣ ಮೊದಲು ನೋಡಿದೋನು. ಮತ್ತೆ ವೆಂಸ್."

ಹೆಣ ಮೊದಲು ನೋಡಿದವನು ಕರ್ಟ್ ಲಿಂಡ್‌ಗ್ರೆನ್ ಎಂಬ ಪೇಟೆಯವನು. ಹಳೇ ಟ್ರಕ್ಕುಗಳನ್ನು ಕೊಂಡು, ಕಂಪನಿಯಿಂದ ಬಂದ ಹಾಗೆ ಮತ್ತೆ ರಿಪೇರಿ ಮಾಡಿಸುವ ಹುಚ್ಚು ಅವನಿಗೆ. ವೆಂಸ್ ಜೆಲೆನಿ ಆಂಟನ್‌ನ ಅಣ್ಣ. ಪೂರ್ವದ ಬೇಲಿಯಾಚೆ ಅವನ ಹೊಲ. ಅಣ್ಣ ತಮ್ಮ ಇಪ್ಪತ್ತೆಂಟು ವರ್ಷದಿಂದ ಮಾತಾಡುತ್ತಿರಲಿಲ್ಲ. ಮೆಕ್ಕೆಜೋಳದ ತೆನೆ ಕೀಳುವ ಯಂತ್ರಕ್ಕೆ ದಂಟು ಸಿಕ್ಕಿಕೊಂಡಾಗ ಆಂಟನ್ ಕೈ ಹಾಕಿ ಬಿಡಿಸುತ್ತಿದ್ದ. ಕೈ ತೆಗೆದಿದ್ದಾನೆ ಎಂದುಕೊಂಡು ಟ್ರ್ಯಾಕ್ಟರಿನ ಮೇಲಿದ್ದ ವೆಂಸ್ ಯಂತ್ರ ಓಡಿಸಿದ. ಆಂಟನ್ ಬೈಯಲಿಲ್ಲ. ಬೈದಿದ್ದರೆ ಮಾತಾದರೂ ಉಳಿಯುತ್ತಿತ್ತು. ಇಬ್ಬರೂ ಸೇರಿ ಕೊಂಡಿದ್ದ ಟ್ರಕ್ಕನ್ನು ವೆಂಸ್ ಆ ವಾರವೇ ತಮ್ಮನ ಅಂಗಳದಲ್ಲಿ ಬಿಟ್ಟುಹೋದ. ಆಮೇಲೆ ಹತ್ತಲಿಲ್ಲ.

ಮರುದಿನ ಎಲ್ಲರೂ ಕೊಟ್ಟಿಗೆಯಲ್ಲಿ ಸೇರಿದರು. ವೆಂಸ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದ. ಎತ್ತರದ ಮನುಷ್ಯ, ಆ ವಾರ ಕುಗ್ಗಿಹೋಗಿದ್ದ.

"ಒಂದು ಸಣ್ಣ ಕೆಲಸ," ಎಂದಳು ಅಲ್ಬಿನಾ. "ಒಬ್ಬೊಬ್ಬರಾಗಿ ಹತ್ತಿ ದೀಪ ಹಾಕಿ. ಬೇರೆಯೋರು ಹೊರಗಿರಿ."

ಮಾರ್ಸೆಲಾ ಬಲಗಡೆಯ ಗುಂಡಿ ಎಳೆದಳು. ಕರ್ಟ್ ಕೂಡ ಅದನ್ನೇ ಎಳೆದ.

"ನಿಂಗೆ ಹೇಗಪ್ಪಾ ಗೊತ್ತಾಯ್ತು?" ಅಲ್ಬಿನಾ ಕೇಳಿದಳು.

"ಅಯ್ಯೋ, ಹೋದ ವಾರ ಇದಕ್ಕೇ ತಕರಾರು ಆಗಿತ್ತಲ್ಲ!" ಎಂದ ಕರ್ಟ್. "ಸ್ವಿಚ್ಚೆಲ್ಲ ಅದಲು ಬದಲು, ಮೊದಲಿನ ಜಾಗಕ್ಕೇ ಹಾಕಿಸ್ತೀನಿ ಅಂದೆ. 'ಹಾಗಾದ್ರೆ ನೀನು ಕೊಳ್ಳೋದು ನನ್ನ ಟ್ರಕ್ಕಲ್ಲ' ಅಂದು ಮುದುಕ ನನ್ನ ಆಚೆಗೆ ಅಟ್ಟಿದ. ಇನ್ನೊಂದ್ಸಲ ಕೇಳೋಣ ಅಂತ ಮಂಗಳವಾರ ಬಂದೆ. ಬಂದ್ರೆ..." ಅವನು ತಲೆ ತಗ್ಗಿಸಿದ.

"ವೆಂಸ್," ಎಂದು ಅಲ್ಬಿನಾ ಹೊರಗೆ ಕಾಯುತ್ತಿದ್ದವನನ್ನು ಮೆಲ್ಲಗೆ ಕರೆದಳು.

ವೆಂಸ್ ಹತ್ತಿ ಕೂತ. ಒಂದು ಕ್ಷಣವೂ ತಡವರಿಸದೆ ಬಲಗೈ ಚಾಚಿ ಬಲಗಡೆಯ ಗುಂಡಿ ಎಳೆದ. ದೀಪದ ಬೆಳಕು ಎದುರಿನ ಹಲಗೆಗೋಡೆಯ ಮೇಲೆ ಬಿತ್ತು.

"ಸರಿಯಾಗಿಯೇ ಹಾಕ್ದ," ಎಂದ ಡೆಲ್ಮರ್. "ಇದ್ರಿಂದ ಏನು ಗೊತ್ತಾಯ್ತು ಅತ್ತೆ?"

"ಅವನು ತಪ್ಪು ಮಾಡ್ಬೇಕಾಗಿತ್ತು ಡೆಲ್ಮರ್," ಎಂದಳು ಅಲ್ಬಿನಾ. "ನಿನ್ನೆ ಲಾಡಿ ಮಾಡಿದ ಹಾಗೆ. ವೆಂಸ್ ಈ ಗಾಡಿ ಓಡಿಸಿದ ಕಾಲದಲ್ಲಿ ದೀಪ ಇದ್ದಿದ್ದು ಎಡತುದೀಲಿ. ಅದು ಜಾಗ ಬದಲಾಯಿಸಿದ್ದು ಕೈ ಹೋದ ಮೇಲೆ. ಅಲ್ಲಿಂದೀಚೆಗೆ ಒಳಗೆ ಕೂರದೋನಿಗೆ ಅದು ಇಲ್ಲಿದೆ ಅಂತ ಯಾರು ಹೇಳಿಕೊಟ್ರು?"

ವೆಂಸ್ ಸ್ಟೀರಿಂಗ್ ಹಿಡಿದು ಕೂತೇ ಇದ್ದ.

"ಒಂದೊಂದಾಗಿ ಹೇಳ್ತೀನಿ," ಎಂದಳು ಅಲ್ಬಿನಾ. "ಆಂಟನ್ ಒಬ್ಬನೇ ಹುಲ್ಲು ಹಾಕಿದ್ರೆ ಕ್ಲಿಪ್ಪು ಗುಂಡೀಲಿ ಇರ್ಬೇಕಿತ್ತು. ಅದು ಮೇಲೇ ಇತ್ತು. ಅಂದ್ರೆ ಗಾಡಿ ಓಡಿಸೋಕೆ ಜನ ಇದ್ರು, ಆಂಟನ್ ಒಪ್ಪಿಯೇ ಓಡಿಸಿದ್ರು. ಎಡಗಡೆಯ ಗುಂಡಿ ಪೂರ್ತಿ ಹೊರಗಿತ್ತು. ಕೈ ಆಕ್ಸಿಲರೇಟರನ್ನ ಪೂರ್ತಿ ಎಳೆಯೋರು ಯಾರೂ ಇಲ್ಲ, ದೀಪಾನಾದ್ರೆ ಎಲ್ಲರೂ ಪೂರ್ತಿ ಎಳೀತಾರೆ. ಹಿಮದ ಸಂಜೆ, ಬೇಗ ಕತ್ತಲಾಗಿದೆ, ಯಾರೋ ದೀಪ ಹಾಕೋಕೆ ಹೋಗಿದ್ದಾರೆ. ರೂಡಿ ಆರು ವರ್ಷ ದಿನಾ ಓಡಿಸಿದೋನು, ಅವನ ಕೈ ಎಡಕ್ಕೆ ಹೋಗಲ್ಲ. ಮಾರ್ಸೆಲಾ ಇದ್ರಲ್ಲೇ ಓಡಿಸೋಕೆ ಕಲಿತೋಳು. ಕರ್ಟ್ ಇದಕ್ಕೇ ಬೈಸಿಕೊಂಡೋನು. ಉಳಿದೋನು ಒಬ್ಬನೇ, ಹಳೇ ಜಾಗ ಬೆರಳಿಗೆ ಗೊತ್ತಿದ್ದು, ಹೊಸ ಜಾಗ ಗೊತ್ತಿಲ್ದೋನು. ಮತ್ತೆ ದನ. ಪೂರ್ವದ ಬೇಲಿಯಿಂದ ದಿನಾ ಬೆನ್ನ ಮೇಲೆ ಹುಲ್ಲು ಹೊತ್ತು ಹಾಕ್ತಿರೋನೂ ಅವನೇ. ಕೊಟ್ಟಿಗೇಲಿ ಟ್ರಕ್ಕಿದ್ರೂ ಮುಟ್ಟಿಲ್ಲ."

"ವೆಂಸ್ ಮಾವ, ಇದು ನಿಜಾನಾ?" ಡೆಲ್ಮರ್ ಕೇಳಿದ.

ವೆಂಸ್ ಎದುರಿನ ಗೋಡೆಯ ಬೆಳಕನ್ನೇ ನೋಡುತ್ತ ಮಾತಾಡಿದ.

"ರೂಡಿ ಬಿಟ್ಟುಹೋದ ಅಂತ ಗೋದಾಮಿನಲ್ಲಿ ಕೇಳ್ದೆ. ಸಂಜೆ ಕಿಟಕೀಲಿ ನೋಡ್ತೀನಿ, ಒಂದೇ ಕೈಲಿ ಹಿಮದಲ್ಲಿ ಒದ್ದಾಡ್ತಿದ್ದಾನೆ. ತಡೆಯೋಕಾಗ್ಲಿಲ್ಲ. ಬೇಲಿ ದಾಟಿ ಬಂದು ಸುಮ್ನೆ ಗಾಡಿ ಹತ್ತಿ ಕೂತೆ, ಮುಂಚಿನ ಹಾಗೆ. ಇಳಿ ಅನ್ಲಿಲ್ಲ ಅವನು. ಹಿಂದೆ ಹತ್ತಿ ಹುಲ್ಲು ಹಾಕ್ದ. ಗೇಟಿನ ಹತ್ರ ಇಳಿದು ಮುಂದೆ ಹೋದ. ಏನೂ ಕಾಣ್ತಿರ್ಲಿಲ್ಲ. ಅವನಿಗೆ ಬೆಳಕಾಗ್ಲಿ ಅಂತ ಎಳೆದೆ." ಅವನು ಎಡತುದಿಯ ಗುಂಡಿಯನ್ನು ತೋರಿಸಿದ. "ಗಾಡಿ ಹಾರಿಬಿಡ್ತು. ಬ್ರೇಕ್ ತುಳಿಯೋದ್ರೊಳಗೆ... ಆಮೇಲೆ ಉಳಿದ ಗುಂಡಿ ಒಂದೊಂದೇ ಎಳೆದು, ಮತ್ತೆ ಒಳಗೆ ಒತ್ತಿ ದೀಪ ಹುಡುಕ್ದೆ, ಅವನ ಮುಖ ನೋಡೋಕೆ. ಆಗಲೇ ಹೋಗಿದ್ದ."

"ಮತ್ತೆ ದೀಪ ಆರಿಸಿದ್ಯಾಕೆ?" ಡೆಲ್ಮರ್ ಕೇಳಿದ.

"ಬ್ಯಾಟರಿ ಹಾಳು ಮಾಡ್ತೀಯ ಅಂತ ಯಾವಾಗ್ಲೂ ಬೈತಿದ್ದ."

"ರೂಡೀನ ಹಿಡಿದಾಗಲಾದ್ರೂ ಹೇಳ್ಬಾರದಿತ್ತಾ ದೊಡ್ಡಪ್ಪ?" ಎಂದಳು ಮಾರ್ಸೆಲಾ.

"ಹೇಳೋಣ ಅಂತಾನೇ ದಿನಾ ಎದ್ದೆ. ಮೊದಲು ಕೈ ತೆಗೆದೆ, ಈಗ ಜೀವ ತೆಗೆದೆ. ಬೇಕಂತ ಮಾಡ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ಅಷ್ಟು ಹೊತ್ತಿಗೆ ದನ ಕಾಯ್ತಿರುತ್ವೆ ಅಂತ ಹುಲ್ಲು ಹೊರೋಕೆ ಹೋಗ್ತಿದ್ದೆ. ಅದು ಹೇಡಿತನ. ಗೊತ್ತು ನಂಗೆ."

ಮಾರ್ಸೆಲಾ ಟ್ರಕ್ಕಿನ ಬಾಗಿಲ ಬಳಿ ಬಂದಳು. ಹೊಡೆಯುತ್ತಾಳೋ ಏನೋ ಎಂದು ನಾನು ಹೆದರಿದೆ. ಅವಳು ಕೇಳಿದ್ದು ಇಷ್ಟೇ: "ಅಪ್ಪ ಏನಾದ್ರೂ ಮಾತಾಡಿದ್ರಾ?"

"ಒಂದೇ ಮಾತು. 'ಗೇಟು ನಾ ತೆಗೀತೀನಿ, ನೀನು ಮೆಲ್ಲಗೆ ಬಾ' ಅಂದ."

ಅವಳು ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ಅತ್ತಳು. ವೆಂಸ್ ಅವಳ ತಲೆಯತ್ತ ಕೈ ಚಾಚಿದ. ಮುಟ್ಟುವ ಧೈರ್ಯ ಸಾಲದೆ ಹಿಂದಕ್ಕೆ ತೆಗೆದುಕೊಂಡ. ಆ ಕೈಯನ್ನು ಅವಳೇ ಹಿಡಿದುಕೊಂಡಳು.

ಕತ್ತಲಾಗುವ ಮುಂಚೆ ನಾವು ಜೈಲಿನ ಮುಂದಿದ್ದೆವು. ಬೇಕೆಂದು ಮಾಡಿದ್ದಲ್ಲ ಎಂಬುದನ್ನು ನ್ಯಾಯಾಧೀಶರೂ ಒಪ್ಪಿಯಾರು, ಆದರೆ ಅವರು ವಿಚಾರಿಸುವವರೆಗೆ ವೆಂಸ್ ಒಳಗಿರಲೇಬೇಕು ಎಂದ ಡೆಲ್ಮರ್. ಅಲ್ಬಿನಾ ದಾರಿಯಲ್ಲಿ ಒಂದೇ ಮಾತಾಡಿದ್ದಳು: "ಟ್ವೈಲಾ ಹೇಳಿದ್ದೇ ನಿಜ ಆಯ್ತು ಲಾಡಿ. ಆದ್ರೂ ಇವತ್ತು ಯಾರ ಮನೇಲೂ ಹಬ್ಬ ಇಲ್ಲ."

ರೂಡಿ ಸಿಮ್ಸ್ ಹೊರಗೆ ಬಂದ. ಟ್ವೈಲಾ ಓಡಿಹೋಗಿ ಅವನ ಕೋಟಿನೊಳಗೆ ಮುಖ ಹುದುಗಿಸಿದಳು. ಆಗಲೇ ಡೆಲ್ಮರ್ ವೆಂಸ್‌ನ ತೋಳು ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದ. ಇಬ್ಬರೂ ಎದುರು ಬದುರಾದರು. ತನ್ನನ್ನು ನಾಲ್ಕು ದಿನ ಕಂಬಿಯ ಹಿಂದೆ ಕೂಡಿಹಾಕಿಸಿದವನು ಯಾರು ಎಂದು ರೂಡಿಗೆ ಆಗಷ್ಟೇ ತಿಳಿದಿತ್ತು. ಅವನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ನಾವು ಕಾದೆವು.

ರೂಡಿ ಮುದುಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕಿಟಕಿ ಕಡೆ ತಲೆ ಹಾಕಿ ಮಲಗ್ಬೇಡಿ ವೆಂಸ್ ಮಾವ," ಎಂದ. "ಅಲ್ಲಿ ಗಾಳಿ ಬರುತ್ತೆ. ನನ್ನ ಕಂಬಳಿ ಒಳಗೇ ಬಿಟ್ಟಿದೀನಿ, ಹೊದ್ಕೊಳ್ಳಿ. ಎರಡೂ ಮನೆ ದನ ನಾನು ನೋಡ್ಕೋತೀನಿ."