ಒಂಬೈನೂರ ನಲವತ್ತನೇ ಮೀಟರ್

“ಕಣ್ಣ ಹತ್ರ ತಗೊಂಡ್ ಹೋಗ್ಬೇಡಿ!”

ಕೂಗು ಕಿವಿಗೆ ಬೀಳುವಷ್ಟರಲ್ಲಿ ಅವಳ ಮಣಿಕಟ್ಟಿಗೆ ಪಟ್ಟನೆ ಏಟು ಬಿತ್ತು. ಬೆರಳ ತುದಿಯಲ್ಲಿದ್ದ ಗಾಜಿನ ಎಳೆ ಜಾರಿ ಮೇಜಿನ ಅಂಚಿನಲ್ಲಿ ತೂಗಾಡಿತು.

ಅವಳು ಉರಿದುಬಿದ್ದಳು. “ಯಾರ್ರೀ ನೀವು? ಹೆಣ್ಮಕ್ಕಳ ಕೈ ಮೇಲೆ ಹೊಡೆಯೋದಾ?”

“ಆ ಎಳೇಲಿ ಬೆಳಕು ಹರೀತಿದೆ. ಕಣ್ಣಿಗೆ ಕಾಣಲ್ಲ, ಆದ್ರೆ ಕಣ್ಣನ್ನೇ ಸುಡುತ್ತೆ.” ಅವನ ಮುಖ ಬಿಳುಚಿಕೊಂಡಿತ್ತು. “ನಮ್ಮೋರೊಬ್ರು ಹೀಗೇ ಇಣುಕಿ ನೋಡಿದ್ರು. ಈಗ ಒಂದೇ ಕಣ್ಣಲ್ಲಿ ಪೇಪರ್ ಓದ್ತಾರೆ.”

ಅವಳು ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಕಾಣದ ಬೆಳಕು... ಅಪಾಯ ಅನ್ನೋದು ಇಷ್ಟು ಸದ್ದಿಲ್ಲದೆ ಇರುತ್ತಾ?

ಅದು ಅವಳ ಕೆಲಸದ ಮೊದಲ ದಿನ. ಸೋದರಮಾವನೇ ಆ ದೂರಸಂಪರ್ಕ ಕೇಂದ್ರದ ಮುಖ್ಯಸ್ಥ. ಅಲ್ಲಿಂದ ಹೊರಟ ಕೇಬಲ್ ಗುಡ್ಡದ ಹಳೆಯ ಸುರಂಗದೊಳಗೆ ಹಾದು ಆಚೆಗಿನ ದೊಡ್ಡ ಆಸ್ಪತ್ರೆ ಸೇರುತ್ತಿತ್ತು. ಆ ದಾರಿಯ ಮೇಲೆ ಕಣ್ಣಿಡುವುದು ಅವಳ ಕೆಲಸ. ಕೂದಲೆಳೆಗಿಂತ ಸ್ವಲ್ಪವೇ ದಪ್ಪದ ಗಾಜಿನ ಎಳೆಗಳನ್ನು ಕಾಯಿಸಿ ಬೆಸೆಯುವುದು ಅವನ ಕೆಲಸ. ಬೆಸೆದ ಗುರುತೇ ಸಿಗದ ಹಾಗೆ ಜೋಡಿಸುತ್ತಾನೆಂದು ಎಲ್ಲರೂ ಅವನನ್ನು ‘ಟೇಲರ್’ ಎಂದೇ ಕರೆಯುತ್ತಿದ್ದರು.

ಏಟು ತಿಂದ ಸಿಟ್ಟು ವಾರದೊಳಗೆ ಇಳಿಯಿತು. ಸುರಂಗದ ಬಾಗಿಲ ಬಳಿಯ ಫೋನಿನಿಂದ ಅವನು ದಿನಕ್ಕೆ ನಾಲ್ಕು ಸಲ ಕರೆ ಮಾಡುತ್ತಿದ್ದ. ಎರಡು ಕೆಲಸಕ್ಕೆ... ಉಳಿದೆರಡು ಯಾತಕ್ಕೆಂದು ಇಬ್ಬರೂ ಕೇಳಿಕೊಳ್ಳುತ್ತಿರಲಿಲ್ಲ!

“ಬೆಳಕು ಇದ್ರೆ ಒಂದು, ಇಲ್ದಿದ್ರೆ ಸೊನ್ನೆ. ಅಷ್ಟೇ ಮೇಡಂ. ಎಕ್ಸ್-ರೇನೂ ಅದೇ, ಯಾರೋ ಅಮ್ಮ ಅಳ್ತಾ ಮಾಡಿದ ಫೋನೂ ಅದೇ. ಎಲ್ಲಾನೂ ತುಂಡು ಮಾಡಿ ಕಳಿಸ್ತೀವಿ. ಪ್ರತಿ ತುಂಡಿನ ತಲೇಲಿ ವಿಳಾಸ, ಬಾಲದಲ್ಲಿ ತಾಳೆ ನೋಡೋ ಒಂದು ನಂಬರು. ನಂಬರು ಹೊಂದಲಿಲ್ಲಾಂದ್ರೆ ಆ ಕಡೆ ಯಂತ್ರ ತುಂಡನ್ನೇ ಬಿಸಾಡುತ್ತೆ.”

“ಅಯ್ಯೋ... ಯಾರ ಮಾತೋ ಏನೋ!”

“ಅದಕ್ಕೇ ನನ್ನ ಕೈ ನಡುಗಬಾರ್ದು.”

ಆ ಒಂದು ಮಾತಿಗೆ ಅವಳ ಮನಸ್ಸು ಸೋತುಹೋಯಿತು. ಆದರೆ ಹೇಳುವುದು ಹೇಗೆ?

ಎರಡನೇ ತಿಂಗಳಲ್ಲಿ ಅದು ಶುರುವಾಯಿತು.

ಮೊದಲು ದಿನಕ್ಕೆ ಹತ್ತು ತುಂಡು ಹಾಳು. ಆಮೇಲೆ ನೂರು. ಆಮೇಲೆ ಗಂಟೆಗೆ ನೂರು. ಪರದೆಯ ಮೇಲೆ ಆ ಅಂಕಿ ಒಮ್ಮೆಯೂ ಇಳಿಯಲಿಲ್ಲ.

ಅವಳು ಪರೀಕ್ಷೆಯ ಯಂತ್ರದಿಂದ ಎಳೆಯೊಳಗೆ ಬೆಳಕಿನ ಮಿಡಿತ ಬಿಟ್ಟಳು. ಬಾವಿಯೊಳಗೆ ಕೂಗಿ ಮರುದನಿಗೆ ಕಾದ ಹಾಗೆ, ಮರಳಿ ಬಂದ ಬೆಳಕಿನ ಹೊತ್ತನ್ನು ಅಳೆದು ಯಂತ್ರ ಜಾಗ ತೋರಿಸಿತು. ಒಂಬೈನೂರ ನಲವತ್ತನೇ ಮೀಟರ್. ಅಲ್ಲಿ, ಸುರಂಗದೊಳಗೆ, ಬೆಳಕು ಸೋರುತ್ತಿದೆ.

ಅಲ್ಲೇ ಇತ್ತು ಟೇಲರ್ ಹಿಂದಿನ ತಿಂಗಳು ಮಾಡಿದ ಜೋಡಣೆ.

ಅವನನ್ನೊಮ್ಮೆ ಕೇಳಿ ನೋಡಬೇಕೆನಿಸಿತು. ಆದರೂ ಅವಸರದಲ್ಲಿ ವರದಿ ಬರೆದು ಸಹಿ ಹಾಕಿದಳು. ‘ಜೋಡಣೆ ಕೆಟ್ಟಿದೆ.’

ಮಾವ ಅವನನ್ನು ಕರೆಸಿದರು. ಅವನ ಭುಜದ ಮೇಲೆ, ಕಿವಿಯ ಹಿಂದೆಲ್ಲ ನುಣ್ಣನೆಯ ಧೂಳು.

“ಸರ್, ಸುರಂಗದ ಕಬ್ಬಿಣದ ಬಾಗಿಲು ಈಗೀಗ ಚೌಕಟ್ಟಿಗೆ ಕೂರ್ತಿಲ್ಲ. ಒಳಗೆ ಮೇಲಿಂದ ಧೂಳು ಬೀಳುತ್ತೆ. ಒಂದ್ಸಲ ಯಾರಾದ್ರೂ ಬಂದು...”

“ಬಾಗಿಲ ಕಥೆ ಬಿಡು. ನಾಳೆ ಮಧ್ಯಾಹ್ನದೊಳಗೆ ಜೋಡಣೆ ಸರಿ ಮಾಡು. ಇಲ್ಲಾಂದ್ರೆ ಬೇರೆ ಕೆಲ್ಸ ನೋಡ್ಕೋ.”

ಅವನು ವರದಿಯ ಕೆಳಗಿನ ಸಹಿ ನೋಡಿದ. ಆಮೇಲೆ ಅವಳನ್ನು ನೋಡಿದ.

“ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಮೇಡಂ?”

“ನಾನು... ಯಂತ್ರ ತೋರಿಸಿದ್ದನ್ನ ಬರೆದೆ ಅಷ್ಟೇ.”

“ಹೌದೌದು. ಮಾವ, ಸೊಸೆ ಸೇರಿ ತೀರ್ಮಾನ ಮಾಡಿದ್ಮೇಲೆ ನಾನೇನು ಹೇಳೋದು!”

ಅವನು ಹೊರಟುಹೋದ. ಅವನು ನಿಂತಿದ್ದ ಜಾಗದಲ್ಲಿ ಧೂಳಿನ ಎರಡು ಹೆಜ್ಜೆ ಉಳಿದವು.

ಮರುದಿನ ಹನ್ನೊಂದಕ್ಕೆ ಅವನು ಒಬ್ಬನೇ ಒಳಗೆ ಹೋದ. ಫೋನ್ ಬರಲಿಲ್ಲ.

ಅವಳು ಒಂದು ಎಳೆಯಲ್ಲಿ, ಅವನ ಬಳಿಯಿದ್ದ ಬೆಳಕಳೆಯುವ ಮೀಟರಿಗೆ ಬೆಳಕು ಬಿಟ್ಟು ಕೂತಿದ್ದಳು. ಕೈ ಸುಮ್ಮನಿರಲಿಲ್ಲ. ಖಾಲಿ ಬಿದ್ದಿದ್ದ ಇನ್ನೊಂದು ಎಳೆಗೆ ಯಂತ್ರ ಹಚ್ಚಿ ಮತ್ತೆ ಅಳೆದಳು. ಆ ಯಂತ್ರದಲ್ಲಿ ಎರಡು ಬಗೆಯ ಬೆಳಕಿತ್ತು, ಗಿಡ್ಡ ಅಲೆಯದೊಂದು, ಉದ್ದ ಅಲೆಯದೊಂದು. ಅವಸರದಲ್ಲಿ ಅವಳು ನಿನ್ನೆ ಒಂದರಲ್ಲೇ ನೋಡಿದ್ದಳು. ಈಗ ಇನ್ನೊಂದನ್ನೂ ಬಿಟ್ಟಳು.

ಜೋಡಣೆ ಕೆಟ್ಟಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಸಮ ಕುಂದಬೇಕು. ಆದರೆ ಉದ್ದ ಅಲೆಯ ಬೆಳಕು ಮೂರು ಪಟ್ಟು ಸೋರುತ್ತಿತ್ತು! ಎಳೆ ಬಾಗಿದಾಗ ಮಾತ್ರ ಹಾಗಾಗುತ್ತದೆ.

ಗೋಡೆಗೆ ಬಿಗಿದ ಕೇಬಲ್ ತಾನಾಗಿ ಬಾಗುವುದಿಲ್ಲ. ಹಾಗಾದರೆ...

ಕೂರದ ಬಾಗಿಲು. ಮೇಲಿಂದ ಬೀಳುವ ಧೂಳು.

*ಗೋಡೆಯೇ ಸರಿಯುತ್ತಿದೆ!*

“ಮಾವಾ! ಆಸ್ಪತ್ರೆ ಲೈನನ್ನ ಕೇಬಲ್ ಬಿಟ್ಟು ಟವರ್ ದಾರಿಗೆ ಹಾಕಿ! ಈಗ್ಲೇ!”

“ಯಾಕಮ್ಮಾ, ಏನಾಯ್ತು?”

“ಸುರಂಗ ಕುಸೀತಿದೆ! ಅವ್ರು ಒಳಗಿದಾರೆ!”

ಸುರಂಗದೊಳಗೆ ಮೊಬೈಲ್ ಸಿಗುತ್ತಿರಲಿಲ್ಲ, ಬಾಗಿಲ ಬಳಿಯ ಫೋನಿನ ಗಂಟೆ ಅಷ್ಟು ಒಳಗೆ ಕೇಳಿಸುತ್ತಿರಲಿಲ್ಲ. ಗುಡ್ಡದ ಏರುದಾರಿಯಲ್ಲಿ ಓಡಿದರೂ ಹತ್ತು ನಿಮಿಷ ಬೇಕು. ಅವಳಿಗೆ ಹೊಳೆದದ್ದು ಒಂದೇ. ಕೇಂದ್ರದವರು ಬೆಳಕು ನಿಲ್ಲಿಸಿದರೆ ಕೆಲಸ ಬಿಟ್ಟು ಬಾಗಿಲ ಬಳಿಯ ಫೋನಿಗೆ ಬರಬೇಕು ಎಂಬ ನಿಯಮವಿತ್ತು. ಅವನ ಮೀಟರಿಗೆ ಹೋಗುತ್ತಿದ್ದ ಬೆಳಕನ್ನು ಅವಳು ಆರಿಸಿಬಿಟ್ಟಳು.

ಒಂದು ನಿಮಿಷ... ಎರಡು... ನಾಲ್ಕು...

*ಸಿಟ್ಟು ಮಾಡ್ಕೊಂಡು ಬಾರದೆ ಇರಬೇಡ. ಬೈಯೋಕಾದ್ರೂ ಬಾ...*

ಆರನೇ ನಿಮಿಷಕ್ಕೆ ಫೋನ್ ಅರಚಿತು.

“ಬೆಳಕು ಯಾಕೆ ಆರ್ಸಿದ್ರಿ? ಇದೂ ನಿಮ್ಮ ಮಾವ ಹೇಳಿದ್ದಾ?”

“ಬಾಗಿಲಿನ ಒಳಗಿದೀರಾ, ಹೊರಗಿದೀರಾ?”

“ಒಳಗೆ. ಏನೀಗ?”

“ಹೊರಗೆ ಹೋಗಿ! ನಿಮ್ಮ ಜೋಡಣೆ ಸರಿಯಾಗೇ ಇದೆ. ತಪ್ಪು ನಂದು. ಗೋಡೆ ಸರೀತಿದೆ!”



“ಬೆಸೆಯೋ ಯಂತ್ರ ಅಲ್ಲೇ ಇದೆ. ಎರಡೇ ನಿಮಿಷ, ತಂದುಬಿಡ್ತೀನಿ...”

“ಹಾಳಾಗ್ ಹೋಗ್ಲಿ ಆ ಯಂತ್ರ! ನನಗೆ ನೀವು ಬೇಕು!”

ಬಾಯಿಂದ ಜಾರಿಬಿಟ್ಟಿತು. ಕೋಣೆಯಲ್ಲಿ ಮಾವ ಇದ್ದಾರೆಂಬುದೂ ಮರೆತುಹೋಗಿತ್ತು.

“ಏನಂದ್ರಿ...?”

ಅಷ್ಟರಲ್ಲಿ ಪರದೆಯ ಮೇಲಿನ ಗೆರೆಗಳೆಲ್ಲ ಒಂದೇ ಕಡೆ ದೊಪ್ಪನೆ ಬಿದ್ದವು. ಒಂಬೈನೂರ ನಲವತ್ತು. ಅದರಾಚೆ ಏನೂ ಇಲ್ಲ. ಫೋನಿನೊಳಗೆ ಭೂಮಿ ಗುಡುಗಿದ ಸದ್ದು... ಆಮೇಲೆ ರಿಸೀವರ್ ಗೋಡೆಗೆ ಬಡಿಯುವ ಟಕ್, ಟಕ್, ಟಕ್.

“ಹಲೋ? ಹಲೋ! ಮಾತಾಡ್ರೀ!”



ಅವಳು ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಹಿಂದೆ ಮಾವ, ಅವರ ಹಿಂದೆ ಕೇಂದ್ರದವರೆಲ್ಲ. ಸುರಂಗದ ಬಾಯಿಂದ ಧೂಳು ಹೊಗೆಯಂತೆ ಹೊರಳಿ ಹೊರಬರುತ್ತಿತ್ತು. ಬಾಗಿಲು ಕಾಣಲಿಲ್ಲ. ಯಾರೂ ಕಾಣಲಿಲ್ಲ.

*ನಾನೇ ಕಳಿಸಿದೆ. ನನ್ನ ಸಹಿಯೇ ಅವನನ್ನ ಒಳಗೆ ಕಳಿಸಿತು...*

ಅವಳು ಧೂಳಿನತ್ತ ನುಗ್ಗಿದಳು.

ಆಗ ಧೂಳಿನೊಳಗಿಂದ ಕೆಮ್ಮು ಕೇಳಿಸಿತು.

ರಸ್ತೆಯ ಅಂಚಿನ ಕಟ್ಟೆಗೆ ಒರಗಿ ಅವನು ಕೂತಿದ್ದ. ಮೈಯೆಲ್ಲ ಬೂದಿ ಬಣ್ಣ, ಹಣೆಯಲ್ಲಿ ರಕ್ತದ ಒಂದು ಗೆರೆ. ಅವಳು ಬಿದ್ದು ಎದ್ದು ಹೋಗಿ ಅವನ ಎರಡೂ ಕೈ ಹಿಡಿದಳು. ಎಂದೂ ನಡುಗದ ಆ ಕೈಗಳು ಈಗ ಗಡಗಡ ನಡುಗುತ್ತಿದ್ದವು.

“ಕ್ಷಮಿಸಿಬಿಡಿ... ನಾನು ಒಂದೇ ಬೆಳಕಲ್ಲಿ ನೋಡಿ...”

“ಕಿವಿ ಗುಂಯ್ ಅಂತಿದೆ!” ಸದ್ದಿಗೆ ಕಿವುಡಾದವನು ತನ್ನ ದನಿ ಎಷ್ಟೆಂದು ತಿಳಿಯದೆ ಕಿರುಚಿದ. “ಯಂತ್ರ ತರೋಕೆ ಹೋಗ್ತಿದ್ದೆ ಕಣ್ರೀ! ನೀವು ಬೇಕು ಅಂದ್ರಲ್ಲ, ಕಾಲು ತಾನಾಗೇ ಹೊರಗೆ ತಿರುಗ್ತು! ಎರಡು ತಿಂಗಳಿಂದ ಆ ಮಾತಿಗೇ ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಿದ್ದೆ!”

ಕೇಂದ್ರದವರೆಲ್ಲ ನಿಂತಲ್ಲೇ ನಿಂತರು. ಮಾವ ಏನೂ ಕೇಳದವರಂತೆ ಕನ್ನಡಕ ಒರೆಸತೊಡಗಿದರು. ಅವರ ಕಣ್ಣೂ ಒದ್ದೆಯಾಗಿತ್ತು.

“ಮೆಲ್ಲಗೆ... ಎಲ್ರೂ ನೋಡ್ತಿದಾರೆ!”

“ಏನು?”

ಅವಳು ಅವನ ಕಿವಿಗೆ ಬಾಯಿಟ್ಟಳು. “ನನಗೂ ಅಷ್ಟೇ ಅಂದೆ. ನೀವಂದ್ರೆ ಪ್ರಾಣ ಅಂದೆ.”

ಅವನು ತಲೆಯಾಡಿಸಿದ. “ಈ ಕಿವೀಲಿ ಏನೂ ಕೇಳಿಸ್ತಿಲ್ಲ. ಆ ಕಡೆ ಬಂದು ಹೇಳ್ತೀರಾ?”

ಅವಳು ಕಣ್ಣೊರೆಸಿಕೊಂಡು, ಬರಿಗಾಲಲ್ಲಿ ಅವನ ಇನ್ನೊಂದು ಪಕ್ಕಕ್ಕೆ ಹೋಗಿ ಕೂತಳು. ಮತ್ತೆ ಮೊದಲಿನಿಂದ ಹೇಳಿದಳು.