ನಿನ್ನಿಷ್ಟ ಅನ್ನಬೇಡ

“ನಿನ್ನಿಷ್ಟ” ಎಂದ ಅವನು, ನಗುತ್ತಾ.

ಕೈಯಲ್ಲಿದ್ದ ಪೆನ್ನನ್ನು ಅವನ ಮುಖಕ್ಕೇ ಎಸೆಯಬೇಕು ಅನ್ನಿಸಿತು ಅವಳಿಗೆ. ಆ ನಗು ಬೇರೆ ಕೇಡು! ಎರಡು ವರ್ಷದ ಹಿಂದೆ ಆಸ್ಪತ್ರೆಯ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು ಬೆವೆತು ನಿಂತಿದ್ದವಳಿಗೆ ಬಾಗಿಲ ಸಂದಿಯಲ್ಲಿ ಮೊದಲು ಕಂಡದ್ದೂ ಇದೇ ನಗು. ಪರದೇಶದಿಂದ ಬಂದ ಲಿಫ್ಟ್ ಮೆಕ್ಯಾನಿಕ್ಕು. “ಹೆದರ್ಬೇಡಿ, ನಾನಿದ್ದೀನಿ” ಎಂದು ಅವಳ ಭಾಷೆಯಲ್ಲಿ ತಡವರಿಸುತ್ತಾ ಹೇಳಿ, ಅಂದೇ ಅವಳ ಮನಸ್ಸು ಕದ್ದಿದ್ದ.

ಈಗ ಮದುವೆಯಾಗಿ ಮೂರು ತಿಂಗಳು. ವಲಸೆ ಕಚೇರಿಯ ಬೆಂಚಿನ ಮೇಲೆ ಅರ್ಜಿ ಹಿಡಿದು ಕೂತಿದ್ದಾರೆ. ‘ದಂಪತಿ ಕಾಯಂ ನೆಲೆಸುವ ದೇಶ’ ಎನ್ನುವ ಜಾಗವೊಂದು ಬಿಟ್ಟು ಉಳಿದದ್ದೆಲ್ಲ ತುಂಬಿದೆ. ಒಂದು ಗಂಟೆಗೆ ಕೌಂಟರ್ ಮುಚ್ಚುತ್ತದೆ. ನಾಳೆ ಅವನ ವೀಸಾ ಮುಗಿಯುತ್ತದೆ.

“ನಿನಗೇನಿಷ್ಟ ಅದನ್ನ ಹೇಳೋ ಮಾರಾಯ!”

“ನೀನೆಲ್ಲೋ ನಾನಲ್ಲಿ. ಲಿಫ್ಟು ಎಲ್ಲಾ ದೇಶದಲ್ಲೂ ಕೆಡುತ್ತೆ.”

ಅವಳೇನು ಕಡಿಮೆಯೇ? ಅವಳೂ ತನ್ನಿಷ್ಟ ಏನೆಂದು ಬಾಯಿ ಬಿಟ್ಟಿಲ್ಲ. ಕಿವಿ ಕೇಳದ ರೋಗಿಗಳ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವರಿಗೆ ಸನ್ನೆ ಭಾಷೆಯಲ್ಲಿ ದಾಟಿಸುವುದು ಅವಳ ಕೆಲಸ. ಅವನ ದೇಶದಲ್ಲಿ ಸನ್ನೆಗಳೇ ಬೇರೆ. ಹನ್ನೆರಡು ವರ್ಷ ಕಲಿತದ್ದೆಲ್ಲ ಅಲ್ಲಿ ಕೆಲಸಕ್ಕೆ ಬಾರದು. ಆದರೆ ಅಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಇದ್ದಾಳೆ. ಇವರಿಬ್ಬರಿಗೆಂದೇ ಮಹಡಿ ಮನೆಗೆ ಬಣ್ಣ ಹೊಡೆಸಿ, ಯಾವ ಪರದೆ ಹಾಕಲಿ ಎಂದು ವಾರವಾರ ಫೋಟೋ ಕಳಿಸುತ್ತಾಳೆ. ಅಂಥವಳಿಗೆ ಹೇಗೆ ಇಲ್ಲ ಅನ್ನುವುದು? ಹಾಗಾಗಿ ಇವಳದ್ದೂ ಅದೇ ರಾಗ: ನಿನ್ನಿಷ್ಟಾನೇ ನನ್ನಿಷ್ಟ.

ಹನ್ನೆರಡೂವರೆ ಆಯಿತು. ಅವನು ಟೂಲ್ ಬ್ಯಾಗನ್ನು ಕಾಲ ಬಳಿ ಸರಿಸಿದ. “ಒಂದು ತೋರಿಸ್ತೀನಿ. ನಗಬಾರ್ದು.”

ಉಗುರಲ್ಲಿ ಗ್ರೀಸು ಕೂತ ಅಂಗೈಯನ್ನು ಎದೆಗೆ ಒತ್ತಿದ. ಎರಡು ತೋರುಬೆರಳು ಜೋಡಿಸಿ ಮೆಲ್ಲಗೆ ಬಾಗಿಲ ಕಡೆ ಸರಿಸಿದ. ಓರೆಗಣ್ಣಲ್ಲಿ ಅವಳನ್ನೇ ನೋಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು.

ದಿನವಿಡೀ ಕೈಗಳನ್ನೇ ಓದುವವಳಿಗೆ ಏನೂ ತಿಳಿಯಲಿಲ್ಲ. “ಏನಿದು?”

“ನಮ್ಮ ಕಡೆ ಸನ್ನೆ. ‘ನನ್ನ ಜೊತೆ ಬಾ’ ಅಂತ. ಊಟದ ಬಿಡುವಲ್ಲಿ ಫೋನ್ ನೋಡ್ಕೊಂಡು ಕಲಿತೆ. ಇಂಥವು ಮುನ್ನೂರು ಬರುತ್ತೆ. ಅಲ್ಲಿಗೆ ಹೋದ್ರೆ ನಾನೇ ನಿಂಗೆ ಕಲಿಸ್ಬಹುದು ಅಂತ...”

“ಎಷ್ಟು ದಿನದಿಂದ?”

“ಆರು ತಿಂಗಳು.”

“ಆರು ತಿಂಗಳು!” ಅವಳಿಗೆ ಮೈ ಉರಿದುಹೋಯಿತು. “ಮನಸ್ಸಲ್ಲಿ ಗಂಟುಮೂಟೆ ಕಟ್ಟಿಟ್ಕೊಂಡು ಬಾಯಲ್ಲಿ ನಿನ್ನಿಷ್ಟ, ನಿನ್ನಿಷ್ಟ! ಬಾಯಿಬಿಟ್ಟು ಕೇಳೋಕೆ ಏನು ಧಾಡಿ ನಿಂಗೆ? ಕೇಳು ಈಗ!”

ಅವನ ನಗು ಮಾಯವಾಗಿತ್ತು. “ನನ್ನ ಜೊತೆ ಬಾ.”

“ಬರಲ್ಲ.”

ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನೋಡಲಿ ಬಿಡಿ.

“ಬರಕ್ಕಾಗಲ್ಲ ಕಣೋ. ನೋವು ಎಲ್ಲಿದೆ ಅಂತ ಹೇಳ್ಕೊಳ್ಳೋಕೆ ಎಷ್ಟೋ ಜನ ನನ್ನ ಕೈ ನಂಬ್ಕೊಂಡಿದ್ದಾರೆ. ಅವರನ್ನ ಬಿಟ್ಟು, ಈ ವಯಸ್ಸಲ್ಲಿ ಬಂದು ಅಲ್ಲಿ ಕೈಕಟ್ಟಿ ಕೂರ್ಲಾ?” ಅತ್ತರೆ ಸೋತಂತೆ ಎಂದು ತುಟಿ ಕಚ್ಚಿಕೊಂಡಳು, ಆದರೂ ಕಣ್ಣೀರು ಬಂದೇಬಿಟ್ಟಿತು.

ಅವನು ಟೂಲ್ ಬ್ಯಾಗನ್ನು ಕಾಲಿನಿಂದ ಅತ್ತ ತಳ್ಳಿದ. “ಸಿಟ್ಟು ಬರ್ತಿದೆ ನಂಗೆ.”

“ಬರಲಿ.”

“ಅಕ್ಕನಿಗೆ ನೀನೇ ಹೇಳ್ಬೇಕು.”

“ಹೇಳ್ತೀನಿ. ಬೈಸ್ಕೋತೀನಿ.”

ಅವನು ಅವಳ ಕೈಯಿಂದ ಪೆನ್ನು ಕಿತ್ತುಕೊಂಡ. ಬರೆಯಲು ಬಗ್ಗಿದವನ ಮಣಿಕಟ್ಟನ್ನು ಅವಳು ಹಿಡಿದಳು.

“ತಡಿ. ನಾನೂ ಕೇಳ್ಬೇಕಲ್ವಾ?”

ಅವನು ಮಾಡಿದಂತೆಯೇ ಅಂಗೈಯನ್ನು ಎದೆಗೆ ಒತ್ತಿದಳು. ಎರಡು ತೋರುಬೆರಳು ಜೋಡಿಸಿದಳು. ಬಾಗಿಲ ಕಡೆಗಲ್ಲ, ಬೆಂಚಿನ ಕೆಳಗೆ ಇಬ್ಬರ ಚಪ್ಪಲಿ ಇದ್ದ ನೆಲದ ಕಡೆಗೆ ಇಳಿಸಿದಳು. ಅಂಥ ಸನ್ನೆ ಎರಡೂ ದೇಶದಲ್ಲಿ ಇರಲಿಲ್ಲ. ಅವನಿಗೆ ಅರ್ಥವಾಯಿತು.

“ಇಷ್ಟ ಇಲ್ಲ” ಎಂದ.

ಅವಳು ಜೋಡಿಸಿದ ಬೆರಳನ್ನು ಬಿಡಿಸಲಿಲ್ಲ.

“ಆದ್ರೂ ಇರ್ತೀನಿ.” ಮೂಗು ಒರೆಸಿಕೊಂಡು, ಖಾಲಿ ಜಾಗದಲ್ಲಿ ಅವಳ ದೇಶದ ಹೆಸರನ್ನು ನಿಧಾನವಾಗಿ ಬರೆದ.